ಹೈವೇ ಎಪ್ಪತ್ತೊಂದರಲ್ಲಿ ಕೇಳಿಸಿದ ಮಾತು

ನನ್ನ ಹತ್ತಿರ ಒಂದು ಕಾಲಕ್ಕೆ ಹನ್ನೊಂದು ಸಿಬಿ ರೇಡಿಯೋಗಳಿದ್ದವು. ಲಾರಿ ಓಡಿಸುವವರು ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಲು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿಕೊಳ್ಳುವ ಪೆಟ್ಟಿಗೆ ಅದು. ಸುರುಳಿ ವೈರಿನ ತುದಿಗೆ ಒಂದು ಮೈಕು ಇರುತ್ತದೆ. ಅದರ ಪಕ್ಕದ ಗುಂಡಿ ಒತ್ತಿ ಹಿಡಿದರೆ ನಾವು ಮಾತಾಡಬಹುದು, ಬಿಟ್ಟರೆ ಬೇರೆಯವರದು ಕೇಳಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. ಮೂರು ನಾಲ್ಕು ಮೈಲಿಯೊಳಗೆ ಅದೇ ಚಾನೆಲ್ಲಿನಲ್ಲಿ ಯಾರಿದ್ದರೂ ಅವರಿಗೆ ನಮ್ಮ ಮಾತು ಹೋಗುತ್ತದೆ. ನಾನು ಕೂಡಿಟ್ಟದ್ದೆಲ್ಲ ನಾನು ಹುಟ್ಟುವುದಕ್ಕೂ ಮುಂಚಿನವು. ಇಪ್ಪತ್ತಮೂರೇ ಚಾನೆಲ್ಲಿನವು, ಮರದ ಬಣ್ಣದ ಮುಖ, ಹಳದಿ ಬೆಳಕಿನಲ್ಲಿ ಅಲುಗುವ ಮುಳ್ಳು. ಈಗ ನಾಲ್ಕು ಉಳಿದಿವೆ. ಉಳಿದವನ್ನು ಹೇಗೆ ಕಳೆದೆ ಎಂದು ಹೇಳಬೇಕಾದರೆ ಒಬ್ಬ ಗೆಳೆಯನ ವಿಷಯ ಹೇಳಬೇಕು.

ಟೆಕ್ಸಾಸಿನ ಡಾಲಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಎಂಎಸ್ ಓದುವಾಗ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮಲಗುತ್ತಿದ್ದವರು. ಅವನು ಧಾರವಾಡದವನು, ನಾನು ಮೈಸೂರಿನವನು. ನನ್ನ ಕನ್ನಡ ಕೇಳಿದರೆ ರೇಷ್ಮೆ ಸೀರೆ ಅಂಗಡಿಯವನ ಹಾಗಿದೆ ಎಂದು ಅವನು ನಗುತ್ತಿದ್ದ. ಅವನು ಬೈದರೆ ಪ್ರೀತಿಯೋ ಸಿಟ್ಟೋ ಗೊತ್ತಾಗಲು ನನಗೆ ಒಂದು ಸೆಮಿಸ್ಟರ್ ಬೇಕಾಯಿತು. ಡಾಲಸ್ಸಿನ ಹೊರವಲಯದ ಒಂದು ಫ್ಲೀ ಮಾರ್ಕೆಟ್ಟಿಗೆ ಇಬ್ಬರೂ ಹಳೆಯ ಕುಕ್ಕರ್ ಹುಡುಕಿಕೊಂಡು ಹೋದಾಗ ಮೊದಲ ರೇಡಿಯೋ ಸಿಕ್ಕಿತು. ತೀರಿಹೋದ ಗಂಡನ ಸಾಮಾನುಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತಿದ್ದ ಒಬ್ಬ ಮುದುಕಿ, ಇದು ನಡೆಯುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ, ಅವರಿದ್ದಾಗ ಮಾತ್ರ ಇದರ ಬಾಯಿ ಮುಚ್ಚುತ್ತಿರಲಿಲ್ಲ ಎಂದಳು.

ಮನೆಗೆ ತಂದು ಬಿಚ್ಚಿದೆ. ಒಳಗಿನ ಕೆಪಾಸಿಟರುಗಳು ಒಣಗಿ ಹೋಗಿದ್ದವು. ಹಳೆಯ ರೇಡಿಯೋಗಳ ಮಾಮೂಲಿ ರೋಗ ಅದು. ಕಾಲೇಜಿನ ಲ್ಯಾಬಿನಿಂದ ಸೋಲ್ಡರಿಂಗ್ ಐರನ್ ತಂದು ಒಂದೊಂದನ್ನೇ ಬದಲಾಯಿಸಿದೆ. ಅವನು ಟಾರ್ಚು ಹಿಡಿದು ಕೂತಿದ್ದ. ಆನ್ ಮಾಡಿದಾಗ ಮೊದಲು ಒಗ್ಗರಣೆ ಸಿಡಿದ ಹಾಗೆ ಚಟಪಟ, ಆಮೇಲೆ ಒಬ್ಬ ಲಾರಿಯವನ ದನಿ, ಮುಂದೆ ರಸ್ತೆ ಖಾಲಿ ಇದೆಯಾ ಎಂದು ಯಾರನ್ನೋ ಕೇಳುತ್ತಿತ್ತು. ಉತ್ತರ ಕೊಡಲು ನನಗೆ ಧೈರ್ಯ ಬರಲಿಲ್ಲ. ಅವನು ಮೈಕು ಕಿತ್ತುಕೊಂಡು, “ಊಟಾ ಆತೇನ್ರಿ?” ಎಂದು ಕೇಳಿದ. ಆ ಲಾರಿಯವನು, ಏನಂದಿರಿ, ಇನ್ನೊಮ್ಮೆ ಹೇಳಿ ಎಂದ. ನಾವು ನೆಲದ ಮೇಲೆ ಬಿದ್ದು ನಕ್ಕೆವು. ಆಮೇಲೆ ವರ್ಷಗಟ್ಟಲೆ ನಾವಿಬ್ಬರೂ ರೇಡಿಯೋದಲ್ಲಿ ಮಾತು ಶುರುಮಾಡುತ್ತಿದ್ದದ್ದೇ ಹಾಗೆ.

ಆ ಎರಡು ವರ್ಷ ಮನೆಯ ಅಡುಗೆ ಹೆಚ್ಚಾಗಿ ನಾನೇ ಮಾಡುತ್ತಿದ್ದೆ. ಇಬ್ಬರಿಗೂ ಸೇರಿ ಕೊಟ್ಟ ಪ್ರಾಜೆಕ್ಟುಗಳನ್ನು ಹೆಚ್ಚಾಗಿ ಅವನೇ ಮಾಡುತ್ತಿದ್ದ. ನನ್ನ ಮಟ್ಟಿಗೆ ಅದು ಸರಿಸಮ. ಅವನ ಮನಸ್ಸಿನಲ್ಲಿ ಅದು ಬೇರೆ ಥರ ಕೂತಿತ್ತು ಎನ್ನುವುದು ಇಪ್ಪತ್ತು ವರ್ಷದ ಮೇಲೆ ತಿಳಿಯಿತು.

ಓದು ಮುಗಿದ ಮೇಲೆ ಅವನು ಹೂಸ್ಟನ್ನಿಗೆ ಹೋದ. ನಾನು ರಿಚರ್ಡ್‌ಸನ್ನಿನಲ್ಲೇ ಒಂದು ಟೆಲಿಕಾಂ ಕಂಪನಿ ಸೇರಿದೆ. ಇಬ್ಬರಿಗೂ ಮದುವೆಯಾಯಿತು. ಅವನಿಗೆ ಒಬ್ಬ ಮಗ, ನನಗೆ ಒಬ್ಬಳು ಮಗಳು. ಅಲ್ಲೇನು ಒಬ್ಬನೇ ಮಾಡ್ತಿ, ಇಲ್ಲಿಗೆ ಬಾ ಎಂದು ಅವನು ವರ್ಷಾನುಗಟ್ಟಲೆ ಹೇಳಿದ ಮೇಲೆ ನಾನೂ ಹೂಸ್ಟನ್ನಿನಲ್ಲಿ ಕೆಲಸ ನೋಡಿಕೊಂಡು ಅದರ ಹೊರವಲಯದ ಕೇಟಿಗೆ ಶಿಫ್ಟ್ ಆದೆ. ಅವನ ಮನೆಗೂ ನಮ್ಮ ಮನೆಗೂ ಎರಡು ಮೈಲಿ. ಅಷ್ಟರಲ್ಲಿ ಅವನು ಮ್ಯಾನೇಜರಾಗಿ, ಗ್ರೀನ್ ಕಾರ್ಡೂ ಬಂದಿತ್ತು. ನಾನು ಇನ್ನೂ ಅದರ ಸಾಲಿನಲ್ಲಿದ್ದೆ.

ನನ್ನ ಹೆಂಡತಿಗೆ ರೇಡಿಯೋಗಳನ್ನು ಕಂಡರೆ ಆಗುತ್ತಿರಲಿಲ್ಲ. ಗರಾಜಿನ ಒಂದು ಗೋಡೆ ಪೂರ್ತಿ ಅವೇ. ಅರ್ಧ ಬಿಚ್ಚಿದವು, ಒಂದು ಬಿಡಿಭಾಗಕ್ಕಾಗಿ ಕಾಯುತ್ತಿದ್ದವು, ಇನ್ನೊಂದಕ್ಕೆ ಭಾಗ ಕೊಟ್ಟು ತಾವು ಖಾಲಿಯಾದವು. ಕಾರು ಮಾತ್ರ ವರ್ಷಪೂರ್ತಿ ಬಿಸಿಲಿನಲ್ಲಿ ನಿಲ್ಲುತ್ತಿತ್ತು. ಆದರೆ ಟೆಕ್ಸಾಸಿಗೇ ಹಿಮ ಬಿದ್ದು ಕರೆಂಟು ಹೋಗಿ, ಫೋನೂ ಸರಿಯಾಗಿ ಹಿಡಿಯದೆ ಹೋದ ಆ ಚಳಿಗಾಲದಲ್ಲಿ ಮೂರು ದಿನ ನಮ್ಮ ಎರಡು ಮನೆಗಳ ನಡುವೆ ಕೆಲಸಕ್ಕೆ ಬಂದದ್ದು ಅವೇ. ನಾನು ಅವನ ಕಾರಿಗೂ ಒಂದನ್ನು ಕೂರಿಸಿಕೊಟ್ಟಿದ್ದೆ. ಕಾರಿನಲ್ಲಿ ಕೂತು, ನೀರು ಬರುತ್ತಿದೆ, ಮಗುವನ್ನು ಇಲ್ಲಿಗೆ ಕಳಿಸಿ ಎಂದು ಅವರು, ನಮ್ಮಲ್ಲಿ ಗ್ಯಾಸ್ ಇದೆ ಎಂದು ನಾವು ಮಾತಾಡಿಕೊಂಡೆವು. ಆಗ ಒಂದು ವಾರ ನನ್ನ ಹೆಂಡತಿ ಗರಾಜಿನ ಬಗ್ಗೆ ಏನೂ ಅನ್ನಲಿಲ್ಲ.

ಅವನ ದನಿ ಬಹಳ ಮೆದು. ಕಾರು ಓಡುವಾಗ ಅವನು ಆಡಿದ್ದು ಅರ್ಧ ಕೇಳಿಸುತ್ತಿರಲಿಲ್ಲ. ಅದಕ್ಕೆಂದು ನಾನು ಒಂದು ಪವರ್ ಮೈಕು ಹುಡುಕಿ ತಂದು ಅವನ ರೇಡಿಯೋಗೆ ಹಾಕಿಕೊಟ್ಟಿದ್ದೆ. ಒಳಗೆ ಪುಟ್ಟ ಬ್ಯಾಟರಿ ಇರುವ ಹಳೆಯ ಮೈಕು. ಪಿಸುಗುಟ್ಟಿದರೂ ಎತ್ತಿಕೊಳ್ಳುತ್ತದೆ, ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚಿದ್ದೂ ಗೊತ್ತಾಗುತ್ತದೆ. ಅದರ ಗುಂಡಿಯ ಸ್ಪ್ರಿಂಗು ಹೋಗಿತ್ತು. ಅದಕ್ಕೆ ಸರಿಯಾದದ್ದು ಎಲ್ಲೂ ಸಿಗಲಿಲ್ಲ. ಬಾಲ್‌ಪೆನ್ನಿನ ಸ್ಪ್ರಿಂಗನ್ನು ಕತ್ತರಿಸಿ ಹಾಕಿದೆ. ಸದ್ಯಕ್ಕೆ ಇರಲಿ, ಆಮೇಲೆ ಸರಿಯಾದದ್ದು ಹಾಕಿಕೊಡುತ್ತೇನೆ ಎಂದಿದ್ದೆ. ಹಾಕಿಕೊಡಲಿಲ್ಲ.

ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು. ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಜನರನ್ನು ಒಂದೇ ಬೆಳಿಗ್ಗೆ ತೆಗೆದರು. ಎಚ್‌ಒನ್ ವೀಸಾದವರಿಗೆ ಕೆಲಸ ಹೋದರೆ ಅರವತ್ತು ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಕರೆದುಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಮಗಳಿಗೆ ಆಗ ಹನ್ನೊಂದು ವರ್ಷ. ಹುಟ್ಟಿದ್ದೇ ಡಾಲಸ್ಸಿನಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮೊದಲು ಫೋನ್ ಮಾಡಿದ್ದು ಅವನಿಗೆ. ಅವನ ಕೈಕೆಳಗೇ ಒಂದು ಜಾಗ ಖಾಲಿ ಇತ್ತು. ನಾನು ಕೇಳುವ ಮೊದಲು ಅವನೇ ಹೇಳಿದ. ರೆಸ್ಯೂಮ್ ಕಳಿಸು, ಉಳಿದದ್ದು ನನಗೆ ಬಿಡು ಎಂದ. ಕಳಿಸಿದೆ. ಒಂದು ವಾರ ಬಿಟ್ಟು ಮನೆಗೇ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ನನ್ನ ಹೆಂಡತಿಗೆ ಧೈರ್ಯ ಹೇಳಿದ. ಎಚ್‌ಆರ್‌ನವರು ನೋಡುತ್ತಿದ್ದಾರೆ, ದೊಡ್ಡ ಕಂಪನಿಯಲ್ಲಿ ತಡವಾಗುತ್ತದೆ, ಇನ್ನೊಂದು ಎರಡು ವಾರ ಅಂದ.

ಆ ಎರಡು ವಾರದಲ್ಲಿ ರಿಚರ್ಡ್‌ಸನ್ನಿನ ನನ್ನ ಹಳೆಯ ಬಾಸ್ ಫೋನ್ ಮಾಡಿದ್ದರು. ಅವರಲ್ಲಿ ಒಂದು ಕೆಲಸವಿತ್ತು, ದೊಡ್ಡದೇನಲ್ಲ, ಆದರೆ ವೀಸಾ ನೋಡಿಕೊಳ್ಳುತ್ತಿದ್ದರು. ಈ ವಾರದೊಳಗೆ ಹೇಳು ಎಂದರು. ನಾನು ಅವನನ್ನು ಕೇಳಿದೆ. ಡಾಲಸ್ಸಿಗೆ ಮತ್ತೆ ಹೋಗಿ ಏನು ಮಾಡ್ತಿ, ಇಲ್ಲಿ ನಿಂದು ಹೆಚ್ಚೂಕಡಿಮೆ ಆದ ಹಾಗೇ ಎಂದ. ಮಗಳ ಸ್ಕೂಲು, ಮನೆ ಎಲ್ಲ ನೆನೆದು ಹಳೆಯ ಬಾಸಿಗೆ ಬೇಡ ಎಂದುಬಿಟ್ಟೆ.

ಮೂವತ್ತೆಂಟನೆಯ ದಿನ ಶನಿವಾರ. ನಮ್ಮಿಬ್ಬರ ಜೊತೆ ಓದಿದ್ದ ಒಬ್ಬನ ಗೃಹಪ್ರವೇಶ ಆಸ್ಟಿನ್ನಿನಲ್ಲಿ. ಬರುವುದಿಲ್ಲ ಎಂದರೆ ಎಲ್ಲರಿಗೂ ಕಾರಣ ಹೇಳಬೇಕಾಗುತ್ತದೆ ಎಂದು ಹೊರಟೆವು. ಬೆಳಿಗ್ಗೆ ಏಳಕ್ಕೆ ಎರಡು ಕಾರು. ಮುಂದೆ ಅವನು ಮತ್ತು ಅವನ ಹೆಂಡತಿ. ಅವರ ಮಗ ಆಗಲೇ ಕಾಲೇಜು ಸೇರಿ ಬೇರೆ ಊರಿನಲ್ಲಿದ್ದ. ಹಿಂದೆ ನಾವು ಮೂವರು. ರೂಢಿಯಂತೆ ಇಬ್ಬರೂ ಹದಿನಾಲ್ಕನೆಯ ಚಾನೆಲ್ಲಿಗೆ ತಿರುಗಿಸಿಕೊಂಡೆವು. ಊಟಾ ಆತೇನ್ರಿ ಎಂದು ಕೇಳಿದ. ಆಯ್ತು ಸ್ವಾಮಿ ಎಂದೆ. ಐ-ಟೆನ್ ಹೆದ್ದಾರಿಯಲ್ಲಿ ಕೊಲಂಬಸ್ ಎಂಬ ಸಣ್ಣ ಊರಿನವರೆಗೆ ಹೋಗಿ, ಅಲ್ಲಿ ಬಿಟ್ಟು ಹೈವೇ ಎಪ್ಪತ್ತೊಂದು ಹಿಡಿಯಬೇಕು. ಆ ತಿರುವಿನಲ್ಲಿ, ಎಡಕ್ಕೆ ಲಾರಿ ಇದೆ ಹುಷಾರು ಎಂದು ಅವನು ಹೇಳಿದ. ಹೇಳಿದ ಮೇಲೆ ಗುಂಡಿ ಮೇಲೆ ಬರಲಿಲ್ಲ.

ಅದು ನನಗೆ ಕೂಡಲೇ ಗೊತ್ತಾಯಿತು. ಮಾತು ಮುಗಿದ ಮೇಲೆ ಬರಬೇಕಾದ ಚಟಪಟ ಬರಲಿಲ್ಲ. ಬದಲಿಗೆ ಅವನ ಕಾರಿನೊಳಗಿನ ಗಾಳಿಯ ಸದ್ದು, ಇಂಡಿಕೇಟರಿನ ಟಿಕ್ ಟಿಕ್, ಅವನ ಹೆಂಡತಿಯ ಬಳೆ. ಸ್ಪ್ರಿಂಗು ಸಿಕ್ಕಿಕೊಂಡಿತ್ತು. ಗುಂಡಿ ಒತ್ತಿಕೊಂಡೇ ಇದ್ದಷ್ಟು ಹೊತ್ತು ಅವನ ರೇಡಿಯೋಗೆ ನನ್ನ ಮಾತು ಕೇಳಿಸುವುದಿಲ್ಲ. ನನಗೆ ಮಾತ್ರ ಅವನದೆಲ್ಲ ಕೇಳಿಸುತ್ತದೆ.

“ಫೋನ್ ಮಾಡಿ ಹೇಳಿ, ಪಾಪ,” ಎಂದಳು ನನ್ನ ಹೆಂಡತಿ.

ಫೋನ್ ಎತ್ತಿಕೊಂಡೆ. ಅಷ್ಟರಲ್ಲಿ ಅವನ ಹೆಂಡತಿಯ ದನಿ, ನಮ್ಮ ಹಿಂದಿನ ಸೀಟಿನಲ್ಲೇ ಕೂತ ಹಾಗೆ ಸ್ಪಷ್ಟವಾಗಿ:

“ಅಣ್ಣಾರ ಕೆಲಸದ್ದು ಏನಾತ್ರೀ? ಆಕಿ ನಿನ್ನೆ ಫೋನಿನ್ಯಾಗ ಅಳಾಕತ್ತಿದ್ಲು.”

“ಏನೂ ಆಗಂಗಿಲ್ಲ,” ಎಂದ ಅವನು. “ಮೊನ್ನೆನ ಹೇಳೀನಲ್ಲ, ನಾನೇ ಬ್ಯಾಡ ಅಂದೀನಿ.”

“ಏನಂತ ಅಂದ್ರಿ?”

“ಎಚ್‌ಆರ್‌ನವರು ಕೇಳಿದ್ರು, ಇವರು ನಿಮಗ ಗೊತ್ತಲ್ಲಾ, ಹ್ಯಾಂಗ ಅಂತ. ಟೀಮಿಗೆ ಸರಿಹೋಗಂಗಿಲ್ಲ ಅಂತ ಬರದು ಕೊಟ್ಟೆ. ಮೂರು ವಾರ ಆತು.”

ಫೋನು ನನ್ನ ಕೈಯಲ್ಲೇ ಇತ್ತು. ಹೆಂಡತಿ ನನ್ನನ್ನು ನೋಡಲಿಲ್ಲ. ರೇಡಿಯೋವನ್ನೇ ನೋಡುತ್ತಿದ್ದಳು. ಅದರ ಕಿವಿ ತಿರುಗಿಸಿ ಆಫ್ ಮಾಡಲು ಒಂದು ಕ್ಷಣ ಸಾಕಿತ್ತು. ನಾನು ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಮತ್ತೆ ಅವರಿಗೆ ಯಾಕೆ ಆಸೆ ಹಚ್ಚಿದಿರಿ ಎಂದು ಆಕೆ ಕೇಳಿದಳು. ಮುಖ ನೋಡಿ ಹೇಳಲು ಆಗಲಿಲ್ಲ ಎಂದ. ಆಮೇಲೆ ಅವನು ಹೇಳಿದ್ದು ನನಗೆ ಈಗಲೂ ಅಕ್ಷರಕ್ಕೆ ಅಕ್ಷರ ನೆನಪಿದೆ.

“ಮನುಷ್ಯಾ ಚಲೋ ಅದಾನ, ಇಲ್ಲಂತಲ್ಲ. ಆದ್ರ ಒಂದೂ ಕೆಲಸ ಪೂರಾ ಮಾಡಂಗಿಲ್ಲ. ಆ ಹಳೇ ಡಬ್ಬಿ ಬಿಚ್ಚಿ ಹರವಿಕೊಂಡು ಕೂಡ್ತಾನ. ಓದುಮುಂದನೂ ಹಂಗ, ಎಲ್ಲಾ ನಾನೇ ಮಾಡಿ ಅವನ ಹೆಸರು ಹಾಕ್ತಿದ್ದೆ. ನಾಳೆ ನನ್ನ ಕೈಕೆಳಗ ಬಂದ್ರ ಅವನ ಕೆಲಸಾನೂ ನಾನೇ ಮಾಡಬೇಕು. ಜೀವನಾ ಪೂರ್ತಿ ಹೊತಗೊಂಡು ತಿರಗಲೇನು?”

“ಊರಿಗೆ ಹೋಗಬೇಕಾಗ್ತದಲ್ರಿ ಅವರು. ಹುಡುಗಿ ಬ್ಯಾರೆ.”

“ಹೋಗ್ಲಿ. ಅಲ್ಲೇನು ಜನಾ ಬದಕಂಗಿಲ್ಲೇನು?”

ಆಮೇಲೆ ಗೃಹಪ್ರವೇಶಕ್ಕೆ ತಂದ ಬೆಳ್ಳಿ ಬಟ್ಟಲಿಗೆ ಕಾಗದ ಸುತ್ತಿಸಬೇಕಿತ್ತೇನೋ ಎಂದು ಅವನೇ ಮಾತು ತೆಗೆದ. ರಸ್ತೆಯ ಎರಡೂ ಬದಿಗೆ ಬ್ಲೂಬಾನೆಟ್ ಹೂವು ಬಿಟ್ಟಿತ್ತು. ಪ್ರತಿ ವರ್ಷ ಆ ಹೂವಿನ ನಡುವೆ ಮಗಳನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದೆವು. ಹಿಂದಿನ ಸೀಟಿನಿಂದ ಅವಳು ಇಂಗ್ಲಿಷಿನಲ್ಲಿ, ಅಪ್ಪಾ, ಅಂಕಲ್ ನಿನ್ನ ಬಗ್ಗೆ ಹೇಳ್ತಿದಾರಾ ಎಂದು ಕೇಳಿದಳು. ಆಗ ರೇಡಿಯೋ ಆಫ್ ಮಾಡಿದೆ.

ಆ ದಾರಿಯಲ್ಲಿ ಬೇಕರಿಯೂ ಪೆಟ್ರೋಲ್ ಬಂಕೂ ಒಂದಾಗಿರುವ ಜಾಗವೊಂದಿದೆ. ಆಸ್ಟಿನ್ನಿಗೆ ಹೋಗುವಾಗಲೆಲ್ಲ ಅಲ್ಲೇ ನಿಲ್ಲುತ್ತಿದ್ದೆವು. ಅವತ್ತೂ ಅವನು ನಿಲ್ಲಿಸಿದ. ಅವನ ಹಿಂದೆ ನಾನೂ ನಿಲ್ಲಿಸಿದೆ. ಅವನು ಒಳಗೆ ಹೋಗಿ ಎಲ್ಲರಿಗೂ ಕಾಫಿ, ಮಗಳಿಗೆ ಇಷ್ಟದ ಹಣ್ಣಿನ ಬನ್ನು ಹಿಡಿದುಕೊಂಡು ಬಂದ. ನಾನು ಅವನ ಕಾರಿನ ಬಾಗಿಲು ತೆಗೆದು ಬಗ್ಗಿ ನೋಡಿದೆ. ರೇಡಿಯೋ ಮುಖದ ಮೇಲೆ ಮಾತಾಡುವಾಗ ಹತ್ತುವ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಉಗುರಿನಿಂದ ಮೀಟಿ ಗುಂಡಿ ಬಿಡಿಸಿದೆ. ದೀಪ ಆರಿತು.

“ಮೈಕಿನ ಗುಂಡಿ ಸಿಕ್ಕಿಹಾಕಿಕೊಂಡಿತ್ತು ಕಣೋ,” ಎಂದೆ.

ಅವನು ಮೈಕನ್ನು ನೋಡಿದ, ನನ್ನನ್ನು ನೋಡಿದ. ಎರಡು ಕೈಯಲ್ಲೂ ಕಾಫಿ ಇತ್ತು.

“ಎಷ್ಟೊತ್ತಿನಿಂದ?”

“ಕೊಲಂಬಸ್ ದಾಟಿದ ಮೇಲಿಂದ.”

ಅವನ ಮುಖದಲ್ಲಿ ಏನೇನು ಬಂದು ಹೋಯಿತು ಎಂದು ನಾನು ಬಣ್ಣಿಸಬಹುದಿತ್ತು. ನಿಜ ಹೇಳಬೇಕೆಂದರೆ ನಾನು ನೋಡಲಿಲ್ಲ. ಕಾಫಿ ಕಪ್ಪಿನ ಮುಚ್ಚಳ ನೋಡುತ್ತಿದ್ದೆ. ಅವನು ಒಂದು ಕಪ್ಪನ್ನು ನನ್ನತ್ತ ಚಾಚಿ, “ತಗೋ, ಆರತದ,” ಎಂದ. ತೆಗೆದುಕೊಂಡೆ. ಕುಡಿದೆ ಕೂಡ.

ಗೃಹಪ್ರವೇಶದಲ್ಲಿ ಎಲ್ಲರ ಜೊತೆ ಕೂತು ಊಟ ಮಾಡಿದೆವು. ಹೋಳಿಗೆ ಇತ್ತು. ನನ್ನ ಕೆಲಸದ ವಿಷಯ ಒಬ್ಬಿಬ್ಬರು ಕೇಳಿದರು. ನೋಡ್ತಾ ಇದೀನಿ ಎಂದೆ. ಊಟ ಮುಗಿದ ಮೇಲೆ ಅವನು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಹೊಸ ಮನೆ, ಹುಲ್ಲು ಇನ್ನೂ ಚಾಪೆಯ ಹಾಗೆ ತುಂಡು ತುಂಡಾಗಿ ಹಾಸಿತ್ತು. ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ಕೇಳಿದರೆ ಏನು ಹೇಳಬೇಕು ಎಂದು ಊಟದುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದೆ.

“ನೀ ಕೇಳಿದ್ದು ಖರೇನ ಅದ,” ಎಂದ. “ಆದ್ರ ಗಂಡಾ ಹೆಂಡ್ತಿ ಮಾತು ಕದ್ದು ಕೇಳೋದು ಯಾವ ನಮೂನಿ? ಒಂದು ಫೋನ್ ಮಾಡಾಕ ಏನಾಗಿತ್ತು?”

ನಾನು ಯೋಚಿಸಿಟ್ಟುಕೊಂಡದ್ದೆಲ್ಲ ಆ ಮಾತಿಗೆ ಹೊಂದಲಿಲ್ಲ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ ಎಂದೆ. ರಿಚರ್ಡ್‌ಸನ್ನಿನ ಕೆಲಸ ಬಿಡಿಸಿದ್ದು ಯಾಕೆ ಎಂದು ಕೇಳಿದೆ. ಬಿಡು ಎಂದು ತಾನು ಎಲ್ಲೂ ಹೇಳಿಲ್ಲ, ಹೋಗಿ ಏನು ಮಾಡ್ತಿ ಎಂದಷ್ಟೇ ಕೇಳಿದ್ದು ಎಂದ. ಬಿಡು ಎಂಬ ಮಾತನ್ನು ಅವನು ಆಡಿರಲಿಲ್ಲ, ಅದೂ ನಿಜವೇ. ಒಳಗಿನಿಂದ ಯಾರೋ ಎಲೆಅಡಿಕೆಗೆ ಕರೆದರು. ಇಬ್ಬರೂ ಹೋದೆವು.

ವಾಪಸ್ಸು ಬರುವಾಗ ನಾವು ಬೇರೆ ಹೊತ್ತಿಗೆ ಹೊರಟೆವು. ಮಗಳಿಗೆ ನಿದ್ದೆ ಬಂದ ಮೇಲೆ ನಾನು ಅವನನ್ನು ಬೈಯಲು ಶುರುಮಾಡಿದೆ. ಬೆನ್ನಿಗೆ ಚೂರಿ, ಉಂಡ ಮನೆ, ಬಾಯಿಗೆ ಬಂದದ್ದೆಲ್ಲ. ಹೆಂಡತಿ ಕೇಳುವಷ್ಟು ಕೇಳಿದಳು.

“ಕೆಲಸದ ವಿಷಯದಲ್ಲಿ ಮೋಸ ಮಾಡಿದ್ರು, ಸರಿ. ನಿಮ್ಮ ಬಗ್ಗೆ ಹೇಳಿದ್ದರಲ್ಲಿ ಸುಳ್ಳೇನಿದೆ?” ಎಂದಳು.

ಅವನ ಮಾತಿಗಿಂತ ಅದು ಆಳಕ್ಕೆ ಇಳಿಯಿತು. ಅವನನ್ನು ಬೈದುಕೊಂಡು ಎಷ್ಟು ದಿನ ಬೇಕಾದರೂ ಇರಬಹುದಿತ್ತು. ಇದನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಅವಳು ಹದಿಮೂರು ವರ್ಷದಿಂದ ಹೇಳಬೇಕೆಂದುಕೊಂಡದ್ದನ್ನು ಇನ್ನೊಬ್ಬರು ಹೇಳಿದರು ಎನ್ನುವ ಹಗುರ ಅವಳ ದನಿಯಲ್ಲಿತ್ತು. ಅದಕ್ಕೆ ನಾನು ಅವಳನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಅವಳೂ ನನ್ನನ್ನು ಕ್ಷಮಿಸಿಲ್ಲ.

ಸೋಮವಾರ ಹಳೆಯ ಬಾಸಿಗೆ ಫೋನ್ ಮಾಡಿದೆ. ಆ ಜಾಗ ತುಂಬಿತ್ತು. ಅವರು ಬೇಸರಪಟ್ಟುಕೊಂಡರು, ಅಷ್ಟೇ. ಆಮೇಲಿನ ದಿನಗಳಲ್ಲಿ ನಾನು ಎಷ್ಟು ಕಡೆ ಅರ್ಜಿ ಹಾಕಿದೆನೋ, ಯಾವ ಯಾವ ಹುಡುಗರ ಮುಂದೆ ಪರೀಕ್ಷೆಗೆ ಕೂತೆನೋ ಹೇಳಿ ಪ್ರಯೋಜನವಿಲ್ಲ. ಐವತ್ತಾರನೆಯ ದಿನ ಆಸ್ಟಿನ್ನಿನ ಒಂದು ಸಣ್ಣ ಕಂಪನಿಯಲ್ಲಿ ಸಿಕ್ಕಿತು. ಹತ್ತು ವರ್ಷದ ಹಿಂದೆ ನಾನು ಮಾಡುತ್ತಿದ್ದಂಥ ಕೆಲಸ. ಕೇಟಿಯ ಮನೆ ಬಿಟ್ಟು ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಬಂದೆವು. ಗರಾಜು ಇರಲಿಲ್ಲ. ರೇಡಿಯೋಗಳನ್ನು ಕೊಡುವ ಮೊದಲು, ಹಟಕ್ಕೆ ಬಿದ್ದು ಒಂದೊಂದನ್ನೂ ಪೂರಾ ರಿಪೇರಿ ಮಾಡಿದೆ. ಸ್ಕ್ರೂ ಸಮೇತ. ಇಷ್ಟು ವರ್ಷ ಆಗದ್ದು ಹದಿನೆಂಟು ದಿನದಲ್ಲಿ ಆಯಿತು. ನೋಡು, ಆಯಿತಲ್ಲ ಎಂದು ಯಾರಿಗೆ ತೋರಿಸಲಿ? ಹೆಂಡತಿ ಪ್ಯಾಕಿಂಗ್ ಟೇಪು ಎಲ್ಲಿದೆ ಎಂದು ಕೇಳಿದಳು. ಏಳನ್ನು ಹಳೆಯ ರೇಡಿಯೋ ಕೊಳ್ಳುವ ಒಬ್ಬನಿಗೆ ಒಟ್ಟಿಗೆ ಕೊಟ್ಟೆ.

ಅವನ ಹೆಂಡತಿಯನ್ನು ಮತ್ತೆ ಕಂಡದ್ದು ಆರು ತಿಂಗಳ ಮೇಲೆ, ಹೂಸ್ಟನ್ನಿನಲ್ಲಿ ಭಾರತೀಯರ ಅಂಗಡಿಗಳಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನಲ್ಲಿ. ಪಾಸ್‌ಪೋರ್ಟಿನ ಕೆಲಸಕ್ಕೆ ಹೋದವನು ಹಿಲ್‌ಕ್ರಾಫ್ಟ್ ರಸ್ತೆಯ ಒಂದು ದಿನಸಿ ಅಂಗಡಿಗೆ ರಾಗಿಹಿಟ್ಟು ಕೊಳ್ಳಲು ಹೊಕ್ಕಿದ್ದೆ. ಆಕೆ ಹಸಿಮೆಣಸಿನಕಾಯಿ ಆರಿಸುತ್ತಿದ್ದಳು. ನೋಡದ ಹಾಗೆ ಹೋಗಬಹುದಿತ್ತು. ಆಕೆಯೇ ಕರೆದಳು. ನನ್ನ ಹೆಂಡತಿ, ಮಗಳು, ಆಸ್ಟಿನ್ನಿನ ಸೆಕೆ ಎಲ್ಲ ಕೇಳಿದ ಮೇಲೆ, ಗಾಡಿಯ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೇಳಿದಳು:

“ಅಣ್ಣಾ, ಆವತ್ತು ಕೆಂಪು ದೀಪಾ ಹತ್ತಿದ್ದು ನನಗ ಕಂಡಿತ್ರಿ. ನೋಡೇ ಕೇಳಿದೆ.”

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಗಂಡ ನನ್ನ ಕೆಲಸವನ್ನು ಬೇಡ ಎಂದದ್ದು ಆಕೆಗೆ ಎರಡು ದಿನ ಮುಂಚೆಯೇ ಗೊತ್ತಾಗಿತ್ತಂತೆ. ಹೇಳಿಬಿಡಿ, ಅವರು ಬೇರೆ ಕಡೆ ನೋಡಿಕೊಳ್ಳಲಿ ಎಂದು ಜಗಳವಾಡಿದಳಂತೆ. ಅವನು ಒಪ್ಪಲಿಲ್ಲ. ತಾನೇ ಫೋನ್ ಮಾಡಿ ಹೇಳಿದರೆ ಯಾರು ಹೇಳಿದರು ಎಂದು ಮನೆಯಲ್ಲಿ ಗೊತ್ತಾಗುತ್ತದೆ. ಕಾರಿನಲ್ಲಿ ಆ ದೀಪ ಆರದೆ ಉರಿಯುವುದು ಕಂಡಾಗ, ಏನೂ ಕಾಣದವಳ ಹಾಗೆ ಮತ್ತೆ ಅದೇ ಪ್ರಶ್ನೆ ಕೇಳಿದಳು. ಇನ್ನೂ ಇಪ್ಪತ್ತೆರಡು ದಿನ ಇದ್ವಲ್ರಿ ಎಂದಳು. ನನ್ನ ದಿನಗಳನ್ನು ನನ್ನ ಹಾಗೇ ಆಕೆಯೂ ಎಣಿಸಿದ್ದಳು.

ನಾನು ಅಲ್ಲಿ ಕೈಮುಗಿಯಬೇಕಿತ್ತು. ಆಕೆ ಕೇಳದೆ ಇದ್ದಿದ್ದರೆ ಅರವತ್ತನೆಯ ದಿನದವರೆಗೂ ಅವನ ಫೋನಿಗೆ ಕಾಯುತ್ತಾ ಕೂತಿರುತ್ತಿದ್ದೆ. ಈಗ ಗೊತ್ತಾಗುತ್ತದೆ. ಆವತ್ತು ನನ್ನ ಬಾಯಿಂದ ಬಂದದ್ದು ಬೇರೆ.

“ಕಾರಲ್ಲಿ ನನ್ನ ಮಗಳಿದ್ದಳು,” ಎಂದೆ. “ಅವಳಿಗೆ ಕನ್ನಡ ಅರ್ಥ ಆಗತ್ತೆ.”

ಆಕೆ ಅದನ್ನು ಯೋಚಿಸಿರಲಿಲ್ಲ. ಮುಖ ಸಣ್ಣದಾಯಿತು. ಮೆಣಸಿನಕಾಯಿಯ ಚೀಲವನ್ನು ಗಾಡಿಗೆ ಹಾಕಿ, ತೆಗೆದು, ಮತ್ತೆ ಹಾಕಿದಳು. ನಾನು ಬರುತ್ತೇನೆ ಎಂದು ಹೊರಟೆ. ರಾಗಿಹಿಟ್ಟು ಮರೆತು ಬಂದೆ.

ಹೂಸ್ಟನ್ನಿನ ನಮ್ಮವರ ನಡುವೆ ಈ ಕತೆ ಬೇರೆ ಥರ ಓಡಾಡುತ್ತಿದೆ. ಗೆಳೆಯನ ಮನೆಮಾತು ಕೇಳಬೇಕೆಂದು ಅವನ ಕಾರಿನಲ್ಲಿ ಬೇಕೆಂತಲೇ ಕೆಟ್ಟ ಮೈಕು ಕೂರಿಸಿದವನು ನಾನು. ಪವರ್ ಮೈಕು ನಾನೇ ಹಾಕಿದ್ದು, ಸ್ಪ್ರಿಂಗೂ ನಾನೇ ಹಾಕಿದ್ದು, ಹಾಗಾಗಿ ಕತೆ ಚೆನ್ನಾಗಿ ನಿಲ್ಲುತ್ತದೆ. ಅವನೇ ಹಾಗೆ ಹೇಳಿದನೋ, ಬಾಯಿಂದ ಬಾಯಿಗೆ ಹಾಗಾಯಿತೋ ತಿಳಿಯದು. ಕಳೆದ ವರ್ಷ ಒಂದು ಉಪನಯನಕ್ಕೆ ಹೋದಾಗ, ನನಗಿಂತ ಹಿರಿಯರೊಬ್ಬರು ಊಟದ ಸಾಲಿನಲ್ಲಿ ನನ್ನನ್ನು ಕಂಡು, ಎಲ್ಲರೂ ಜೇಬು ನೋಡಿಕೊಳ್ಳಿ, ಮೈಕು ಗೀಕು ಇದ್ದೀತು ಎಂದರು. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಪಾಯಸ ಬಡಿಸುತ್ತಿದ್ದವಳು ಅವನ ಹೆಂಡತಿ. ತಲೆ ಎತ್ತಲಿಲ್ಲ. ಆ ಹಿರಿಯರಿಗೆ ನಿಜ ಏನೆಂದು ಹೇಳಬೇಕಾದರೆ ಆಕೆ ಕೆಂಪು ದೀಪ ನೋಡಿದ್ದನ್ನು ಹೇಳಬೇಕು. ಹೇಳಿದರೆ ಆಕೆಯ ಮನೆ ಏನಾಗುತ್ತದೋ. ಪಾಯಸ ಸಾಕು ಎಂದು ಕೈ ಅಡ್ಡ ಇಟ್ಟೆ.

ಮಗಳು ಅಂದಿನಿಂದ ಅವನನ್ನು ಅಂಕಲ್ ಎಂದಿಲ್ಲ. ಅವನ ವಿಷಯ ಬಂದರೆ ಕೋಣೆಗೆ ಹೋಗುತ್ತಾಳೆ. ಉಳಿದ ನಾಲ್ಕು ರೇಡಿಯೋಗಳಲ್ಲಿ ಒಂದನ್ನು ಕಾರಿನಲ್ಲಿ ಹಾಕಿಕೊಂಡಿದ್ದೇನೆ. ಈಗೀಗ ಸೂರ್ಯನ ಮೇಲಿನ ಏರುಪೇರಿನಿಂದ ಮಧ್ಯಾಹ್ನದ ಹೊತ್ತು ಸಾವಿರ ಮೈಲಿಯಾಚೆಯ ದನಿಗಳೂ ಬಂದು ಬೀಳುತ್ತವೆ. ಯಾವುದೋ ರಾಜ್ಯದ ಯಾರೋ ಯಾರಿಗೋ ಹವಾಮಾನ ಹೇಳುತ್ತಿರುತ್ತಾರೆ. ನಾನು ಕೇಳುತ್ತೇನೆ, ಮಾತಾಡುವುದಿಲ್ಲ.

ಇದನ್ನು ಬರೆಯುವ ಮೊದಲು ಅವನ ಹೆಂಡತಿಗೆ ಫೋನ್ ಮಾಡಿದೆ. ಹೆಸರು ಹಾಕುವುದಿಲ್ಲ, ಆದರೂ ಬೇಡವೆಂದರೆ ಬಿಡುತ್ತೇನೆ ಎಂದೆ. ಆಕೆಯ ಹಿಂದೆ ಮಿಕ್ಸಿಯ ಸದ್ದು ಬಂದು ನಿಂತಿತು.

“ಬರೀರಿ ಅಣ್ಣಾ,” ಎಂದಳು. “ಅವರು ಕನ್ನಡ ಪುಸ್ತಕಾ ಮುಟ್ಟಿ ಎಷ್ಟೋ ವರ್ಷಾತು.”

ಆಮೇಲೆ ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ, ನನಗಿಂತ ಎತ್ತರ ಆಗುತ್ತಾಳೇನೋ ಎಂದೆ.